ತೋಟ ಕಾಯಲು ರಾಟ್‌ವೀಲರ್ ತರಬೇಕೆಂದಿದ್ದೇವೆ, ಸರಿಯೇ?

ನೀವು ಕೇಳಿರುವುದು ಮೂರು ವಿಷಯ. ಹಾಸನದ ಹತ್ತಿರದ ತೋಟಕ್ಕೆ ರಾಟ್‌ವೀಲರ್ ತರಬೇಕೋ ಕೇನ್ ಕೊರ್ಸೊ ಎಂಬ ಇನ್ನೊಂದು ದೊಡ್ಡ ಕಾವಲು ತಳಿ ತರಬೇಕೋ, ಈ ನಾಯಿಗಳು ಸಾಕಿದವರನ್ನೇ ಕಚ್ಚುತ್ತವೆ ಅನ್ನುವುದು ನಿಜವೋ, ಸರ್ಕಾರ ಇವನ್ನು ಬ್ಯಾನ್ ಮಾಡಿದೆಯೋ. ಜೊತೆಗೆ, ನೀವಿರುವುದು ಬೆಂಗಳೂರಿನಲ್ಲಿ, ತೋಟಕ್ಕೆ ಹೋಗುವುದು ಶನಿವಾರ ಭಾನುವಾರ, ಉಳಿದ ದಿನ ತೋಟ ನೋಡಿಕೊಳ್ಳುವವರು ಅನ್ನ ಹಾಕುತ್ತಾರೆ, ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ ಎಂದೂ ಬರೆದಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ಆ ತೋಟಕ್ಕೆ ಎರಡೂ ಬೇಡ.

ತುಮಕೂರು ಕಡೆ ನಮ್ಮದೂ ತೋಟದ ಮನೆ, ಆದರೆ ನಾವು ಅಲ್ಲೇ ವಾಸ ಇರುವವರು. ಈಗ ನಮ್ಮಲ್ಲಿರುವುದು ಎರಡನೇ ರಾಟ್‌ವೀಲರ್, ಹೆಣ್ಣು, ಹೆಸರು ಗೌರಿ. ಈ ತಳಿಯ ಮೇಲೆ ನನಗೆ ಜೀವ. ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ರಾಟ್‌ವೀಲರ್ ಎಂಥ ನಾಯಿ ಅಂತ ತಿಳಿಯಬೇಕಾದರೆ ಅದು ಯಾವ ಕೆಲಸ ಮಾಡಿಕೊಂಡು ಬಂದದ್ದು ಅಂತ ನೋಡಬೇಕು. ದಕ್ಷಿಣ ಜರ್ಮನಿಯ ರಾಟ್‌ವೈಲ್ ದನದ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಕಟುಕರು ದನ ಹೊಡೆದುಕೊಂಡು ಬರಲು, ಮಾಂಸದ ಗಾಡಿ ಎಳೆಸಲು, ದಾರಿಯಲ್ಲಿ ಕಾವಲಿಗೆ ಈ ನಾಯಿ ಇಟ್ಟುಕೊಂಡಿದ್ದರು. ಕಟುಕರ ನಾಯಿ ಎಂದೇ ಅದಕ್ಕೆ ಹೆಸರಿತ್ತು. ರೈಲು ಬಂದು ದನಗಳನ್ನು ನಡೆಸಿಕೊಂಡು ಹೋಗುವುದು ನಿಂತ ಮೇಲೆ ಈ ನಾಯಿಗೂ ಕೆಲಸ ಹೋಯಿತು, ಸಂಖ್ಯೆ ತೀರಾ ಇಳಿಯಿತು. 1910ರಲ್ಲಿ ಜರ್ಮನಿಯಲ್ಲಿ ಪೊಲೀಸ್ ನಾಯಿಯಾಗಿ ಮಾನ್ಯತೆ ಸಿಕ್ಕಿತು, 1921ರಲ್ಲಿ ಈ ತಳಿಗಾಗಿಯೇ ಅಲ್ಲಿ ಸಂಘ ಹುಟ್ಟಿತು. ಹಾಗೆ ಉಳಿದುಕೊಂಡಿತು. ಈ ಎಲ್ಲ ಕೆಲಸದಲ್ಲೂ ನಾಯಿ ಬೆಳಗಿನಿಂದ ರಾತ್ರಿವರೆಗೆ ಯಜಮಾನನ ಪಕ್ಕದಲ್ಲೇ ಇರುತ್ತಿತ್ತು ಅನ್ನುವುದನ್ನು ಗಮನಿಸಿ. ಅದರ ಸ್ವಭಾವ ರೂಪುಗೊಂಡಿದ್ದೇ ಹಾಗೆ. ಗೌರಿ ಈಗಲೂ ನಾನು ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ, ಪಂಪ್‌ಸೆಟ್ ಹತ್ತಿರ ಹೋದರೆ ಅಲ್ಲಿಗೆ. ಬಚ್ಚಲುಮನೆ ಬಾಗಿಲಲ್ಲೂ ಬಂದು ಮಲಗುತ್ತಾಳೆ. ಇಂಥ ನಾಯಿಯನ್ನು ವಾರದಲ್ಲಿ ಐದು ದಿನ ಖಾಲಿ ಮನೆಯ ಮುಂದೆ ಕಟ್ಟಿಹಾಕಿದರೆ ಅದು ಕೊರಗುತ್ತದೆ. ಕೊರಗಿದ ಐವತ್ತು ಕೆಜಿ ನಾಯಿ ಯಾರಿಗೂ ಒಳ್ಳೆಯದಲ್ಲ.

ಈಗ ಕೋಪದ ವಿಷಯ. ಚೆನ್ನಾಗಿ ಬೆಳೆದ ರಾಟ್‌ವೀಲರ್ ಸುಮ್ಮಸುಮ್ಮನೆ ಬೊಗಳುವುದಿಲ್ಲ, ಎಗರಾಡುವುದಿಲ್ಲ. ಹೊಸಬರು ಬಂದರೆ ಮುಂದೆ ಬಂದು ನಿಂತು ನೋಡುತ್ತದೆ, ಅಷ್ಟೇ. ಆ ನಿಲುವಿಗೇ ಜನ ಗೇಟಿನಾಚೆ ನಿಲ್ಲುತ್ತಾರೆ. ಮನೆ ಕಾಯುವುದು ಅದರ ರಕ್ತದಲ್ಲೇ ಇದೆ, ಒಂದೂವರೆ ಎರಡು ವರ್ಷಕ್ಕೆ ತಾನಾಗಿ ಬರುತ್ತದೆ. ನಮ್ಮ ಕೆಲಸವಿರುವುದು ಅದಕ್ಕೆ ಸುಮ್ಮನಿರುವುದನ್ನು ಕಲಿಸುವುದರಲ್ಲಿ. ಹಾಲಿನವರು, ಲೈನ್‌ಮನ್, ಅಂಚೆಯವರು, ತೆಂಗಿನಕಾಯಿ ಕೆಡವಲು ಬರುವವರು, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು, ಕಿರುಚಿಕೊಂಡು ಓಡುವ ಮಕ್ಕಳು, ಇವರೆಲ್ಲ ಲೋಕದಲ್ಲಿ ಇರುವವರೇ ಅಂತ ಅದಕ್ಕೆ ಗೊತ್ತಾಗಬೇಕು. ಇದು ಮನಸ್ಸಿಗೆ ಇಳಿಯುವ ಕಾಲ ಮೂರರಿಂದ ಹದಿನಾಲ್ಕು ವಾರದ ವಯಸ್ಸು. ಅಷ್ಟರಲ್ಲಿ ನಾಲ್ಕು ಗೋಡೆ ಬಿಟ್ಟು ಬೇರೇನೂ ನೋಡದ ಮರಿಗೆ ಮುಂದೆ ಎಲ್ಲವೂ ಅಪಾಯವಾಗಿ ಕಾಣುತ್ತದೆ. ‘ಯಾರಿಗೂ ತೋರಿಸಬೇಡಿ, ಕತ್ತಲೆ ಕೋಣೆಯಲ್ಲಿ ಸಾಕಿ, ಆಗಲೇ ಚುರುಕಾಗುತ್ತದೆ’ ಎಂದು ಹೇಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ದಯವಿಟ್ಟು ಕೇಳಬೇಡಿ. ಹಾಗೆ ಬೆಳೆದ ನಾಯಿ ಕಚ್ಚುವುದು ಧೈರ್ಯದಿಂದಲ್ಲ, ಹೆದರಿಕೆಯಿಂದ. ಹೆದರಿದ ನಾಯಿಗೆ ಕಳ್ಳನೂ ಒಂದೇ, ನಿಮ್ಮ ಮಗಳ ಗೆಳತಿಯೂ ಒಂದೇ.

ಆ ವಯಸ್ಸಿಗೆ ಲಸಿಕೆ ಪೂರ್ತಿ ಆಗಿರುವುದಿಲ್ಲವಲ್ಲ, ಹೊರಗೆ ಕರೆದುಕೊಂಡು ಹೋಗುವುದು ಹೇಗೆ ಅಂತ ಕೇಳಬಹುದು. ನೆಲಕ್ಕೆ ಇಳಿಸಬೇಡಿ, ಎತ್ತಿಕೊಂಡೇ ಹೋಗಿ. ಗೌರಿ ಮರಿಯಾಗಿದ್ದಾಗ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡ್ ಎದುರಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಬಸ್ಸಿನ ಹಾರ್ನ್, ತಳ್ಳುಗಾಡಿ, ಶಾಲೆ ಬಿಟ್ಟ ಮಕ್ಕಳು, ಎಲ್ಲ ನೋಡುತ್ತಾ ನೋಡುತ್ತಾ ನಿದ್ದೆ ಹೋಗುತ್ತಿದ್ದಳು. ಗಲಾಟೆಯ ನಡುವೆ ನಿದ್ದೆ ಮಾಡುವ ಮರಿ ಸರಿಯಾಗಿ ಬೆಳೆಯುತ್ತಿದೆ ಅಂತಲೇ ಅರ್ಥ.

ಮಗಳಿರುವುದರಿಂದ ಎರಡು ಮಾತು. ದನ ಹೊಡೆಯುತ್ತಿದ್ದ ನಾಯಿಯಾದ್ದರಿಂದ ರಾಟ್‌ವೀಲರ್ ಭುಜ ಕೊಟ್ಟು ತಳ್ಳುತ್ತದೆ, ಮೈಗೆ ಒರಗುತ್ತದೆ. ಪ್ರೀತಿಯಿಂದಲೇ ಒರಗಿದರೂ ಆರು ವರ್ಷದ ಮಗು ಬಿದ್ದುಹೋಗುತ್ತದೆ. ಎಷ್ಟೇ ಸಾಧು ನಾಯಿಯಾದರೂ ಮಗುವಿನ ಜೊತೆ ಅದೊಂದನ್ನೇ ಬಿಡಬಾರದು, ದೊಡ್ಡವರೊಬ್ಬರು ಅಲ್ಲೇ ಇರಬೇಕು. ಇನ್ನೊಂದು, ಗುರುಗುಟ್ಟುವುದು. ಕಿವಿಯ ಹಿಂದೆ ತುರಿಸಿದಾಗ ಗೌರಿ ಗಂಟಲಲ್ಲೇ ಗುರ್ ಅನ್ನುತ್ತಾಳೆ, ಮನೆಗೆ ಬಂದವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅದು ಖುಷಿಯ ಸದ್ದು, ಈ ತಳಿಯ ಬಹಳ ನಾಯಿಗಳಲ್ಲಿ ಇದೆ. ಸದ್ದಿಗಿಂತ ಮೈ ನೋಡಬೇಕು. ಮೈ ಸಡಿಲವಾಗಿ, ಬಾಯಿ ಅರ್ಧ ತೆರೆದು, ಹಿಂಭಾಗ ಅಲ್ಲಾಡುತ್ತಿದ್ದರೆ ಚಿಂತೆಯಿಲ್ಲ. ಬಾಯಿ ಮುಚ್ಚಿ, ಮೈ ಬಿಗಿಹಿಡಿದು, ತಲೆ ತಿರುಗಿಸದೆ ಕಣ್ಣಂಚಿನಿಂದ ನೋಡುತ್ತಾ ಕಣ್ಣಿನ ಬಿಳಿ ಕಾಣಿಸಿದರೆ, ಮಗುವನ್ನು ಮೆಲ್ಲಗೆ ಅಲ್ಲಿಂದ ಕರೆದುಕೊಳ್ಳಿ. ಹೀಗೆ ಎಚ್ಚರಿಕೆ ಕೊಟ್ಟಿದ್ದಕ್ಕೆ ನಾಯಿಗೆ ಹೊಡೆಯಬಾರದು. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಮುಂದಿನ ಸಲ ನೇರವಾಗಿ ಕಚ್ಚುತ್ತದೆ. ‘ಏನೂ ಸೂಚನೆ ಕೊಡದೆ ಕಚ್ಚಿತು’ ಅನ್ನುವ ಎಷ್ಟೋ ಪ್ರಕರಣಗಳ ಹಿಂದೆ ಇದೇ ಇರುತ್ತದೆ.

ರಾಟ್‌ವೀಲರ್ ನೋಡಲು ಹೇಗಿರಬೇಕು ಅಂತಲೂ ಹೇಳಿಬಿಡುತ್ತೇನೆ. ಗಂಡು ಭುಜದವರೆಗೆ 61ರಿಂದ 68 ಸೆಂಟಿಮೀಟರ್, ಸುಮಾರು 50 ಕೆಜಿ. ಹೆಣ್ಣು 56ರಿಂದ 63, ಸುಮಾರು 42 ಕೆಜಿ. ಬಣ್ಣ ಕಪ್ಪು, ಹುಬ್ಬಿನ ಮೇಲೆ, ಕೆನ್ನೆ, ಎದೆ, ಕಾಲು, ಬಾಲದ ಬುಡದಲ್ಲಿ ಇಟ್ಟಿಗೆಗೆಂಪು ಗುರುತು. ಕಪ್ಪು ಬಿಟ್ಟು ಬೇರೆ ಬಣ್ಣದ್ದು, ಉದ್ದ ಕೂದಲಿನದು ‘ಅಪರೂಪ’ ಅಂತ ಹೆಚ್ಚು ಬೆಲೆಗೆ ಮಾರುತ್ತಾರೆ, ತಳಿಯ ನಿಯಮದಲ್ಲಿ ಅವೆರಡೂ ದೋಷ. ಬಾಲ ಕತ್ತರಿಸಿದ ಮರಿಯನ್ನು ‘ಒರಿಜಿನಲ್’ ಅಂತ ತೋರಿಸಿದರೂ ನಂಬಬೇಡಿ. ಜರ್ಮನಿಯಲ್ಲೇ 1998ರಿಂದ ಬಾಲ ಕತ್ತರಿಸುವಂತಿಲ್ಲ. ತಲೆ ಭಾರೀ ದಪ್ಪ, ಮೈ ಅರವತ್ತು ಎಪ್ಪತ್ತು ಕೆಜಿ ಬರುತ್ತದೆ ಅನ್ನುವವರಿಂದಲೂ ದೂರವಿರಿ. ಆ ಭಾರ ಹೊರುವುದು ಸೊಂಟ ಮತ್ತು ಮೊಣಕಾಲು, ಇವೆರಡೂ ಈ ತಳಿಯ ದುರ್ಬಲ ಜಾಗಗಳು.

ಆರೈಕೆಯಲ್ಲಿ ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಮರಿಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಮರಿ ಮನೆಗೆ ಬಂದ ದಿನವೇ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿ ಕೂಡ ಬರುತ್ತದೆ, ‘ಮೂಳೆ ಗಟ್ಟಿಯಾಗಲಿ’ ಅಂತ. ದೊಡ್ಡ ತಳಿಯ ಎಳೆಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಕರುಳಲ್ಲೇ ತಡೆದು ಬಿಡುವ ಶಕ್ತಿ ಇರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗಿ ಮೂಳೆಯ ಬೆಳವಣಿಗೆ ಏರುಪೇರಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ದೊಡ್ಡ ತಳಿಯ ಮರಿಗೆಂದೇ ಮಾಡಿದ ಆಹಾರ ಹಾಕುತ್ತಿದ್ದರೆ ಸಿರಪ್ ಬೇಕಾಗಿಯೇ ಇಲ್ಲ. ಮನೆ ಅಡುಗೆಯೇ ಹಾಕುವುದಾದರೆ ಬರೀ ರಾಗಿ ಅಂಬಲಿ, ಮೊಸರನ್ನ ಸಾಲದು. ಕೋಳಿ, ಮೊಟ್ಟೆ ಸೇರಬೇಕು, ಎಷ್ಟು ಅನ್ನುವುದನ್ನು ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ. ಬೇಯಿಸಿದ ಕೋಳಿ ಮೂಳೆ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವತ್ತೂ ಬೇಡ. ಮರಿ ದುಂಡಗಿದ್ದರೆ ನೋಡಲು ಚೆಂದ, ಆದರೆ ಪಕ್ಕೆಯ ಮೇಲೆ ಕೈ ಆಡಿಸಿದಾಗ ಎಲುಬು ಕೈಗೆ ಸಿಗಬೇಕು. ನುಣ್ಣನೆಯ ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಹಳೆ ಚಾಪೆಯೋ ಕಾರ್ಪೆಟ್ಟೋ ಹಾಸಿ. ಒಂದೂವರೆ ವರ್ಷದವರೆಗೆ ಮೆಟ್ಟಿಲು ಹತ್ತಿ ಇಳಿಸುವುದು, ಗಾಡಿಯಿಂದ ಹಾರಿಸುವುದು, ಬೈಕಿನ ಹಿಂದೆ ಓಡಿಸುವುದು ಬೇಡ.

ಲಸಿಕೆಯಲ್ಲಿ ಪಾರ್ವೊ ಮುಖ್ಯ. ಈ ವೈರಸ್‌ಗೆ ರಾಟ್‌ವೀಲರ್ ಮತ್ತು ಡೋಬರ್‌ಮನ್ ಮರಿಗಳು ಬೇರೆಯವಕ್ಕಿಂತ ಬೇಗ ಬಲಿಯಾಗುತ್ತವೆ. ವಾಂತಿ, ರಕ್ತಭೇದಿ ಶುರುವಾದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಆರೆಂಟು ವಾರಕ್ಕೆ ಶುರುಮಾಡಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬೀಸ್. ತೋಟ ಅಂದಮೇಲೆ ಉಣ್ಣಿ ಇದ್ದೇ ಇರುತ್ತದೆ, ಅದರಿಂದ ಬರುವ ಜ್ವರಗಳು ಜೀವ ತೆಗೆಯುತ್ತವೆ. ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆ ಬೆಲ್ಟಿನ ಕೆಳಗೆ ಬೆರಳಾಡಿಸಿ ನೋಡುವುದು ನಮ್ಮಲ್ಲಿ ನಿತ್ಯದ ಕೆಲಸ.

ಇನ್ನೊಂದನ್ನು ಮನೆಯವರೆಲ್ಲ ತಿಳಿದಿರಲೇಬೇಕು. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ನಾಯಿ ವಾಂತಿ ಮಾಡಲು ಪ್ರಯತ್ನಿಸುತ್ತದೆ, ಏನೂ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ, ಹೊಟ್ಟೆ ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತದೆ. ಇದಕ್ಕೆ ಮನೆಮದ್ದಿಲ್ಲ, ಆಪರೇಷನ್ನೇ ಆಗಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ. ವಾರದ ಮಧ್ಯೆ ನೀವು ಬೆಂಗಳೂರಿನಲ್ಲಿದ್ದು ತೋಟದಲ್ಲಿ ಹೀಗಾದರೆ ಏನು ಮಾಡುತ್ತೀರಿ, ಯೋಚಿಸಿ. ಊಟ ಒಂದೇ ಸಲ ಸುರಿಯದೆ ಎರಡು ಹೊತ್ತಿಗೆ ಹಂಚಿ, ಉಂಡ ಕೂಡಲೇ ಓಡಿಸಬೇಡಿ.

ಬ್ಯಾನ್ ವಿಷಯ: 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನೆ ಇಲಾಖೆ ಇಪ್ಪತ್ಮೂರು ತಳಿಗಳನ್ನು ಮಾರಬಾರದು, ಸಾಕಬಾರದು ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ರಾಟ್‌ವೀಲರ್, ಕೇನ್ ಕೊರ್ಸೊ ಎರಡೂ ಅದರಲ್ಲಿದ್ದವು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೀರಿ ಎಂಬ ಕಾರಣಕ್ಕೆ. ಸರಿಯಾದ ಕ್ರಮದಲ್ಲಿ ಮತ್ತೆ ನಿಯಮ ತರಲು ಅಡ್ಡಿಯಿಲ್ಲ, ಹಾಗಾಗಿ ತರುವ ಮುಂಚೆ ಸ್ಥಳೀಯ ಸಂಸ್ಥೆಯಲ್ಲಿ ಈಗಿನ ನಿಯಮ, ಲೈಸೆನ್ಸ್ ಎರಡನ್ನೂ ವಿಚಾರಿಸಿ. ನಾಯಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ ಇದೆ.

ಕೇನ್ ಕೊರ್ಸೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಟಲಿಯ ತಳಿ, ನಶಿಸಿಹೋಗುವ ಹಂತಕ್ಕೆ ಬಂದಿದ್ದನ್ನು 1970ರ ದಶಕದಲ್ಲಿ ಅಲ್ಲಿನವರು ಉಳಿಸಿಕೊಂಡರು. ತೂಕ ಹೆಚ್ಚುಕಡಿಮೆ ರಾಟ್‌ವೀಲರ್‌ನಷ್ಟೇ, ಮೈಯಲ್ಲಿ ಚುರುಕು ಹೆಚ್ಚು, ಹೊಸಬರ ಮೇಲೆ ಅನುಮಾನವೂ ಹೆಚ್ಚು. ಮೊದಲ ಸಲ ನಾಯಿ ಸಾಕುವವರಿಗೆ ಬೇಡ. ಕಕೇಶಿಯನ್ ಶೆಫರ್ಡ್, ಟಿಬೆಟನ್ ಮಾಸ್ಟಿಫ್ ಹೆಸರು ಯಾರಾದರೂ ಎತ್ತಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಿಮದ ನಾಡಿನ ಅಷ್ಟು ದಪ್ಪ ತುಪ್ಪಟದ ಪ್ರಾಣಿಯನ್ನು ನಮ್ಮ ಏಪ್ರಿಲ್ ಬಿಸಿಲಿಗೆ ತರುವುದು ಹಿಂಸೆ. ಕಪ್ಪು ಮೈಯ ರಾಟ್‌ವೀಲರ್‌ಗೇ ಬೇಸಿಗೆಯಲ್ಲಿ ಕಷ್ಟ, ಬೆಳಿಗ್ಗೆ ಏಳರೊಳಗೆ ಮತ್ತು ಹೊತ್ತು ಮುಳುಗಿದ ಮೇಲೆ ಮಾತ್ರ ಅದರ ತಿರುಗಾಟ. ಮುಧೋಳ ನಾಯಿ ಸ್ಥಳೀಯ ತಳಿ, ನಮ್ಮ ಬಾಗಲಕೋಟೆ ಸೀಮೆಯದೇ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಬೇಟೆ ನಾಯಿ, ಗೇಟಿನ ಬಳಿ ಕಾವಲಿಗೆ ನಿಲ್ಲುವುದು ಅದರ ಕಸುಬಲ್ಲ.

ಹಾಗಾದರೆ ತೋಟಕ್ಕೆ ಏನು? ನಿಮಗೆ ಬೇಕಾಗಿರುವುದು ಯಾರಾದರೂ ಬಂದರೆ ಗೊತ್ತಾಗುವುದು, ಹಂದಿ, ಕೋತಿ ಓಡುವುದು. ಅದಕ್ಕೆ ಎರಡು ಊರ ನಾಯಿ ಸಾಕು. ತೋಟ ನೋಡಿಕೊಳ್ಳುವವರ ಮನೆಗೇ ಹೊಂದಿಕೊಂಡ ಮರಿಗಳಿರಲಿ, ಅವರನ್ನೇ ಅವು ಯಜಮಾನರು ಅಂದುಕೊಳ್ಳಲಿ. ಲಸಿಕೆ, ಸಂತಾನಹರಣದ ಖರ್ಚು ನೀವು ನೋಡಿಕೊಳ್ಳಿ. ಆ ಬಿಸಿಲು ಮಳೆಗೆ ಅವು ಒಗ್ಗಿಕೊಂಡಿರುತ್ತವೆ, ಬೊಗಳುವುದರಲ್ಲಂತೂ ಯಾವ ತಳಿಗೂ ಕಡಿಮೆಯಿಲ್ಲ. ನಿಮ್ಮ ಕಡೆ ಚಿರತೆ ಓಡಾಟ ಇದ್ದರೆ ರಾತ್ರಿ ಸರಪಳಿ ಹಾಕಿ ಹೊರಗೆ ಬಿಡಲೇಬೇಡಿ. ಕಟ್ಟಿದ ನಾಯಿ ಚಿರತೆಗೆ ಕಷ್ಟವಿಲ್ಲದೆ ಸಿಗುವ ಊಟ, ಅದು ರಾಟ್‌ವೀಲರ್ ಆದರೂ ಅಷ್ಟೇ. ಕಬ್ಬಿಣದ ಬಾಗಿಲಿನ, ಮೇಲೂ ಮುಚ್ಚಿದ ಗೂಡು ಕಟ್ಟಿಸಿ, ಕತ್ತಲಾದ ಮೇಲೆ ಒಳಗೆ ಹಾಕಲು ಹೇಳಿ.

ರಾಟ್‌ವೀಲರ್ ಮೇಲೆ ನಿಜವಾಗಿಯೂ ಮನಸ್ಸಿದ್ದರೆ ಅದನ್ನು ಬೆಂಗಳೂರಿನ ಮನೆಗೇ ತನ್ನಿ, ತೋಟಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ದಿನಕ್ಕೆ ಎರಡು ಹೊತ್ತು ನಡೆಸಲು ಮನೆಯಲ್ಲಿ ಒಬ್ಬರು ಇರಬೇಕು. ಆಯಸ್ಸು ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ, ಅಷ್ಟೂ ಕಾಲ ಆ ಹೊತ್ತು ಕೊಡಲು ಆಗುತ್ತದೆಯೇ ಅಂತ ಮನೆಯವರೆಲ್ಲ ಕೂತು ಮಾತಾಡಿ. ಮರಿ ನೋಡಲು ಹೋದಾಗ ತಾಯಿಯನ್ನು ತೋರಿಸಿ ಅನ್ನಿ. ತಾಯಿ ಮೂಲೆ ಸೇರಿದರೆ, ಇಲ್ಲವೇ ಬೋನಿನಿಂದಲೇ ಮೇಲೆ ಬಿದ್ದರೆ, ಅಥವಾ ‘ತಾಯಿ ಇಲ್ಲಿಲ್ಲ’ ಅಂದರೆ ವಾಪಸ್ ಬನ್ನಿ. ಅಪ್ಪ ಅಮ್ಮ ಎರಡರದ್ದೂ ಸೊಂಟದ ಎಕ್ಸ್‌ರೇ ಕೇಳಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ನಾಯಿ ಸಾಕಿ ಮಾರುವವರಿಗೆ ಕೇಂದ್ರ ಮಾಡಿದ 2017ರ ನಿಯಮದಲ್ಲೇ ಇದೆ. ನಲವತ್ತು ದಿನಕ್ಕೇ ಕೊಡುತ್ತೇನೆ ಅನ್ನುವವರ ಹತ್ತಿರ ಮುಂಗಡ ಕೊಡಬೇಡಿ. ಬೆಂಗಳೂರಿನ ಮನೆ ಎಷ್ಟು ದೊಡ್ಡದು, ಹಗಲು ಮನೆಯಲ್ಲಿ ಯಾರಿರುತ್ತಾರೆ ಅಂತ ಬರೆದರೆ ಗಂಡು ತರಬೇಕೋ ಹೆಣ್ಣು ತರಬೇಕೋ ಅನ್ನುವುದನ್ನೂ ಹೇಳಬಲ್ಲೆ.