ನೊಂದ ಮಗುವನ್ನೇ ಎದ್ದು ನಿಲ್ಲಿಸಬೇಡಿ

ಕೇರಳದ ಗಡಿಯಲ್ಲಿರುವ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಶಾಲೆ. ಒಂಬತ್ತನೇ ತರಗತಿಯ ಹುಡುಗ, ಕೊರಗ ಎಂಬ ಬುಡಕಟ್ಟು ಸಮುದಾಯದವನು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇಂಥ ಮಕ್ಕಳು ಆಪ್ತಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಶಾಲೆಗೆ ಬರುವುದು ಕಡಿಮೆಯಾಗಿತ್ತು. ಮನೆಯಲ್ಲಿ ಬುಟ್ಟಿ ಹೆಣೆಯುವ ಕೆಲಸ ಇರಬೇಕು ಅಂತ ಟೀಚರುಗಳು ಅಂದುಕೊಂಡಿದ್ದರು. ಕಾರಣ ಬೇರೆಯೇ ಇತ್ತು. ಸರಕಾರದ ಗ್ರಾಂಟಿಗೆ ಪಟ್ಟಿ ಮಾಡುವಾಗ, "ಎಸ್‌ಟಿಯವರು ಎದ್ದು ನಿಲ್ಲಿ" ಎಂದು ತರಗತಿಯಲ್ಲೇ ಕರೆದಿದ್ದರು. ಆಮೇಲೆ ಕೆಲವರು ಅವನನ್ನು ಜಾತಿ ಹಿಡಿದು ಕರೆಯತೊಡಗಿದರು.

ನನ್ನ ಮುಂದೆ ಅವನು ತುಂಬಾ ಹೊತ್ತು ಮಾತೇ ಆಡಲಿಲ್ಲ. ಮೇಜಿನ ಮೇಲಿದ್ದ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಕೂತಿದ್ದ. ಕೊನೆಗೆ ಹೇಳಿದ: "ಎದ್ದು ನಿಂತಾಗ ಎಲ್ಲರೂ ತಿರುಗಿ ನೋಡ್ತಾರೆ ಟೀಚರ್. ನನ್ನ ಪಕ್ಕದಲ್ಲಿ ಕೂರುವವನು ಮಾತ್ರ ಪುಸ್ತಕ ತೆಗೆದು ಓದುವ ಹಾಗೆ ಮಾಡ್ತಾನೆ. ಅವ ನನ್ನ ಫ್ರೆಂಡ್ ಅಲ್ವಾ?"

ಬೈದವರಿಗಿಂತ ಸುಮ್ನಿದ್ದ ಗೆಳೆಯ ಅವನನ್ನು ಜಾಸ್ತಿ ನೋಯಿಸಿದ್ದ.

ಅವನ ಕ್ಲಾಸ್ ಟೀಚರ್ ಒಳ್ಳೆಯವರು. "ಅವನೇ ತನ್ನ ಕಷ್ಟ ಹೇಳಲಿ, ಮಕ್ಕಳ ಮನಸ್ಸು ಕರಗುತ್ತದೆ" ಎಂದರು. ಬೇಡವೇ ಬೇಡ ಎಂದೆ. ಮನಸ್ಸು ಬಿಚ್ಚಿ ಮಾತಾಡಬೇಕು ಅಂತ ನೀವೇ ಹೇಳ್ತೀರಲ್ವಾ ಎಂದು ಅವರಿಗೆ ಬೇಸರವಾಯಿತು. ಹೌದು, ಹೇಳುತ್ತೇನೆ. ಆದರೆ ಎಲ್ಲರೆದುರು ಎದ್ದು ನಿಂತೇ ನೊಂದ ಮಗುವನ್ನು ಮತ್ತೆ ಎಬ್ಬಿಸುವುದು ಯಾವ ನ್ಯಾಯ? ಮೊದಲು ಮಾತಾಡಬೇಕಾದವರು ನೋಡಿ ಸುಮ್ಮನಿದ್ದವರು.

ಕ್ಲಾಸಿನ ಮಕ್ಕಳಿಗೆಲ್ಲ ಹೆಸರು ಬರೆಯದೆ ಚೀಟಿ ಕೊಡಲು ಹೇಳಿ ಎಂದೆ. ಜಾತಿ, ಬಣ್ಣ, ಭಾಷೆ ಹಿಡಿದು ಯಾರನ್ನಾದರೂ ಹೀಯಾಳಿಸಿದ್ದನ್ನು ಕಂಡಾಗ ನೀವೇನು ಮಾಡಿದಿರಿ? ಇಷ್ಟೇ ಪ್ರಶ್ನೆ. ಹುಡುಗನನ್ನು ಮೊದಲೇ ಕೇಳಿದ್ದೆವು. "ಕ್ಲಾಸಲ್ಲಿ ಇರ್ತೇನೆ, ನನ್ನನ್ನು ನೋಡಿ ಹೇಳ್ಬೇಡಿ" ಎಂದಿದ್ದ.

ಒಂದು ಚೀಟಿಯಲ್ಲಿ ಹೀಗಿತ್ತು: "ನಮ್ಮ ಅಜ್ಜಿ ಕೊರಗರನ್ನು ಜಗಲಿಗೆ ಹತ್ತಿಸುವುದಿಲ್ಲ. ಅಜ್ಜಿ ಕೆಟ್ಟವರಾ?" ಇಂಥ ಪ್ರಶ್ನೆ ಬಂದರೆ ನಾವು ದೊಡ್ಡವರು ಗದರಿ ಬಾಯಿ ಮುಚ್ಚಿಸುತ್ತೇವೆ. ಆಮೇಲೆ ಆ ಮಗು ಮತ್ತೆ ಕೇಳುವುದೇ ಇಲ್ಲ, ಅಜ್ಜಿಯ ಹಾಗೇ ನಡೆದುಕೊಳ್ಳುತ್ತದೆ. ಗದರಬೇಡಿ, ಇದ್ದದ್ದನ್ನು ಹೇಳಿ ಎಂದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿ ನಮ್ಮ ತುಳುನಾಡಿನಲ್ಲೇ ಇತ್ತು. ಗಡಿಯಾಚೆ ಕರ್ನಾಟಕ ಅದನ್ನು ನಿಷೇಧಿಸಿ ಕಾನೂನು ತಂದದ್ದು 2000ದಲ್ಲಿ, ತೀರಾ ಹಳೆಯ ಕಥೆಯೇನಲ್ಲ. ಅಜ್ಜಿಯ ಮೇಲೆ ಪ್ರೀತಿ ಇಟ್ಟುಕೊಂಡೇ ಅವರು ಮಾಡುವುದು ತಪ್ಪು ಎನ್ನಬಹುದು. ಒಂಬತ್ತನೇ ತರಗತಿಯ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಗೆಳೆಯನನ್ನು ಬೇರೆಯಾಗಿ ಕರೆದು ಮಾತಾಡಿದೆ. "ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಟೀಚರ್" ಎಂದ. ನಿಜವೇ ಇರಬೇಕು. "ಅವನಿಗೆ ಹೆಸರಿದೆ, ಹೆಸರು ಹಿಡಿದು ಕರಿ" ಎಂಬ ಒಂದೇ ಮಾತನ್ನು ಹೇಳಿಕೊಟ್ಟೆ, ನನ್ನೆದುರೇ ಜೋರಾಗಿ ಹೇಳಿಸಿದೆ. ಗ್ರಾಂಟಿನ ಪಟ್ಟಿ ಈಗ ಆಫೀಸಿನಲ್ಲೇ ಆಗುತ್ತದೆ. ಉಳಿದ ಶಾಲೆಗಳೂ ಇದನ್ನು ನಾಳೆಯೇ ಮಾಡಬಹುದು, ಇದಕ್ಕೆ ಯಾರ ಆರ್ಡರೂ ಬೇಕಾಗಿಲ್ಲ.