ಮಕ್ಕಳಿಗೂ ದೊಡ್ಡವರಿಗೂ ಆನ್‌ಲೈನ್ ತೋಟಗಾರಿಕೆ ಪಾಠ: ಯಾವ ಆ್ಯಪ್ ಒಳ್ಳೆಯದು? ದೃಷ್ಟಿಯಿಲ್ಲದವರಿಗೆ ಬೇರೆ ಪಾಠ ಬೇಕೇ?

ಆ್ಯಪ್‌ಗಾಗಿ ನಾನೂ ಆರು ತಿಂಗಳು ಹುಡುಕಿದೆ. ತೊಂದರೆ ಇದ್ದದ್ದು ನನ್ನ ಬಾಯಲ್ಲಿ.

ಮಡಿಕೇರಿಯ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಶಾಲಾ ಮಕ್ಕಳಿಗೂ, ನಿವೃತ್ತರಾಗಿ ತೋಟಕ್ಕೆ ಮರಳಿದವರಿಗೂ ಕಾಳುಮೆಣಸಿನ ಸಸಿ ಮಾಡುವುದನ್ನು ಕಲಿಸಲೆಂದು 22 ವಿಡಿಯೋ ಮಾಡಿದ್ದೆ. ಫೆಬ್ರವರಿ, ಮಾರ್ಚ್‌ನಲ್ಲಿ ತಾಯಿಬಳ್ಳಿಯ ಬುಡದಿಂದ ಹೊರಟ ಹಬ್ಬುಬಳ್ಳಿಯನ್ನು ಎರಡು ಮೂರು ಗೆಣ್ಣುಗಳ (ಎಲೆ ಹೊರಡುವ ಉಬ್ಬುಗಳ) ತುಂಡುಗಳಾಗಿ ಕತ್ತರಿಸಿ, ತೊಟ್ಟು ಉಳಿಸಿ ಎಲೆ ತೆಗೆದು, ಕನಿಷ್ಠ ಒಂದು ಗೆಣ್ಣು ಮಣ್ಣಿನೊಳಗೆ ಇರುವಂತೆ ಪಾಲಿಥಿನ್ ಚೀಲದಲ್ಲಿ ನೆಡಬೇಕು; ಬೇರು ಒಡೆಯುವುದು ಗೆಣ್ಣಿನಿಂದಲೇ. ನಾನು ಹೇಳಿದ್ದು ಇಷ್ಟೇ: "ನೋಡಿ, ಇಲ್ಲಿ ಹೀಗೆ ಕತ್ತರಿಸಿ, ಇಷ್ಟು ಆಳಕ್ಕೆ ಊರಿ."

ಸೋಮವಾರಪೇಟೆ ಕಡೆಯ, ನನಗಿಂತ ಹಿರಿಯರಾದ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬರು ಅದನ್ನು ಕೇಳಿಸಿಕೊಂಡು 40 ತುಂಡು ನೆಟ್ಟರು. ಕೆಲವು ವಾರಗಳ ನಂತರ ಫೋನ್ ಮಾಡಿ, "ಒಂದೂ ಚಿಗುರಲಿಲ್ಲ ಸರ್. ಹೀಗೆ ಅಂದರೆ ಹೇಗೆ?" ಎಂದು ಕೇಳಿದರು. ಗೆಣ್ಣೆಲ್ಲ ಮಣ್ಣಿನ ಮೇಲೆ ಉಳಿದು, ಬರೀ ಕಾಂಡದ ತುದಿ ಚೀಲದೊಳಗೆ ಕೊಳೆತಿತ್ತು. ಬಳ್ಳಿ ಕತ್ತರಿಸುವ ಕಾಲ ಆಗಲೇ ಮುಗಿದಿತ್ತು. ಅವರ ಒಂದು ವರ್ಷವನ್ನು ನಾನು ಕಳೆದೆ. ಆ ರಾತ್ರಿ ಕಣ್ಣು ಮುಚ್ಚಿಕೊಂಡು ನನ್ನದೇ ಪಾಠ ಕೇಳಿದೆ: ಒಂಬತ್ತು ನಿಮಿಷದಲ್ಲಿ 19 ಸಲ "ಹೀಗೆ", ಗೆಣ್ಣು ಎಂಬ ಮಾತು ಒಮ್ಮೆಯೂ ಇಲ್ಲ. ಹೊಟ್ಟೆ ಉರಿದದ್ದು ಇದಕ್ಕೆ: ಬಳ್ಳಿಯಲ್ಲಿ ಕಣ್ಣಿಗಿಂತ ಬೆರಳಿಗೇ ಬೇಗ ಸಿಗುವ ಭಾಗವೆಂದರೆ ಗೆಣ್ಣು.

ಆದ್ದರಿಂದ ಬೇರೆ ಪಾಠ ಬೇಕು ಎಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಬೇರೆ ಪಾಠವೆಂದರೆ ಯಾರೂ ತಿದ್ದದೆ ಮೂಲೆಯಲ್ಲಿ ಉಳಿಯುವ ಪಾಠ. ಇರುವುದನ್ನೇ ಬದಲಿಸಿದೆ: "ಬಳ್ಳಿಯನ್ನು ಸವರುತ್ತಾ ಹೋಗಿ, ಉಬ್ಬು ಸಿಕ್ಕಲ್ಲಿ ನಿಲ್ಲಿ. ಅದರ ಕೆಳಗೆ ಒಂದು ಬೆರಳಗಲ ಬಿಟ್ಟು ಕತ್ತರಿಸಿ, ಉಬ್ಬು ಮಣ್ಣಿನಲ್ಲಿ ಮುಚ್ಚುವಷ್ಟು ಊರಿ." ಮನೆಗೊಂದೇ ಫೋನಿನ ಚಿಕ್ಕ ಪರದೆಯಲ್ಲಿ ನೋಡುತ್ತಿದ್ದ ಆರನೇ ತರಗತಿಯ ಮಕ್ಕಳಿಗೂ ಆಮೇಲೆಯೇ ಸರಿಯಾಗಿ ಬಂತು.

ಕಿವಿ ಕೇಳದವರಿಗೆ ಪರದೆಯ ಕೆಳಗಿನ ಬರಹವನ್ನು ಕೈಯಾರೆ ತಿದ್ದಿ. ಯಂತ್ರ ನನ್ನ "ಮೂರು ಗೆಣ್ಣು" ಎಂಬುದನ್ನು "ಮೂರು ಹಣ್ಣು" ಎಂದು ಬರೆದಿತ್ತು. ಮಕ್ಕಳನ್ನೂ ದೊಡ್ಡವರನ್ನೂ ಬೇರ್ಪಡಿಸಬೇಕಾದ ಒಂದೇ ಜಾಗ ನನ್ನ ಅನುಭವದಲ್ಲಿ ಬೋರ್ಡೋ ದ್ರಾವಣ, ಅಂದರೆ ಬಳ್ಳಿಗೆ ಶಿಲೀಂಧ್ರ ರೋಗ ಬಾರದಂತೆ ಸಿಂಪಡಿಸುವ ಔಷಧಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದು ಮಕ್ಕಳ ಕೈಗೆ ಹೋಗಬಾರದು. ದೊಡ್ಡವರ ಪಾಠದಲ್ಲೂ, ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು ಎಂಬ ಪರೀಕ್ಷೆಗೆ ಕಣ್ಣಿರುವವರೊಬ್ಬರು ಜೊತೆಗಿರಲಿ ಎಂದು ಸ್ಪಷ್ಟವಾಗಿ ಹೇಳಿದ್ದೇನೆ.

ಇನ್ನು ನೇರ ತರಗತಿಯನ್ನು ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳಲ್ಲಿ, ಇಡಲೇಬೇಡಿ. ಆ ಮಳೆಯಲ್ಲಿ ನಮ್ಮ ಕಡೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಮೇ ತಿಂಗಳಲ್ಲೇ ಧ್ವನಿಪಾಠಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿಬಿಡುತ್ತೇನೆ.