ಟಾರ್ಪಾಲು ಯಾವುದಾದರೂ ಇರಲಿ, ಟ್ರೇಲರಿನ ಮೂಕಿಯನ್ನು ಎತ್ತಿಡಿ

ನಿಮ್ಮದು ಹಳೆಯ ಹೋಬಿ 16, ಎರಡು ಒಡಲುಗಳನ್ನು ಜೋಡಿಸಿದ ಹಾಯಿದೋಣಿ, ಅಂದರೆ ಕ್ಯಾಟಮರಾನ್. ಟ್ರೇಲರಿನ ಮೇಲೆಯೇ ಹಿತ್ತಿಲಲ್ಲಿ ಚಳಿಗಾಲ, ಊರು ಅಮೆರಿಕದ ಹಿಮ ಬೀಳುವ ಮ್ಯಾಡಿಸನ್. ಯಾವ ಟಾರ್ಪಾಲು ಒಳ್ಳೆಯದು, ಇಲ್ಲವೇ ಬಿಸಿಯಿರುವ ಗೋದಾಮಿಗೆ ಬಾಡಿಗೆ ಕೊಡುವುದೇ ಮೇಲೇ ಎಂದು ಕೇಳಿದ್ದೀರಿ. ಅದೇ ಊರಿನಲ್ಲಿ, ಅದೇ ದೋಣಿಗೆ, ಅಂಗಡಿಯಲ್ಲಿದ್ದ ಅತ್ಯಂತ ದುಬಾರಿ ಟಾರ್ಪಾಲನ್ನು ಹೊದಿಸಿ, ಅದರಡಿಯಲ್ಲೇ ದೋಣಿಯನ್ನು ಒಡೆದುಕೊಂಡವನು ನಾನು.

ನಾನು ಗಂಗೊಳ್ಳಿಯ ಕಡೆಯವನು. ಮಳೆಗಾಲಕ್ಕೆ ದೋಣಿಯನ್ನು ಮರಳಿನ ಮೇಲಕ್ಕೆ ಎಳೆದು, ಮಡಲಿನ ಮಾಡು ಕಟ್ಟುವುದನ್ನು ನೋಡಿಯೇ ಬೆಳೆದೆ. ದೋಣಿಯನ್ನು ಜೋಪಾನ ಮಾಡುವುದೆಂದರೆ ಮೇಲಿನಿಂದ ಬೀಳುವ ನೀರನ್ನು ತಡೆಯುವುದು ಎಂಬ ನಂಬಿಕೆ ಹಾಗೆ ಬಂದದ್ದು. ತಳದಲ್ಲಿ ಒಂದಿಷ್ಟು ನೀರು ಉಳಿದರೆ ಏನಾಯಿತು, ಬಿಸಿಲಿಗೆ ಆರುತ್ತದೆ. ನೀರು ಕಲ್ಲಾಗುವುದೆಂದರೆ ಆಗ ನನಗೆ ಫ್ರಿಜ್ಜಿನೊಳಗಿನ ಸಂಗತಿ.

ಮೊದಲ ವರ್ಷ ಅಕ್ಟೋಬರ್ ಕೊನೆಯಲ್ಲಿ ಮೆಂಡೋಟಾ ಸರೋವರದಿಂದ ದೋಣಿಯನ್ನು ಮನೆಗೆ ತಂದೆ. ಎರಡು ಒಡಲುಗಳ ಹಿಂತುದಿಯಲ್ಲೂ ಒಂದೊಂದು ಬಿರಡೆ ಇರುತ್ತದಲ್ಲ, ಎರಡನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನೀರು ತೊಟ್ಟಿಕ್ಕಿತು, ನಿಂತಿತು. ಖಾಲಿಯಾಯಿತೆಂದುಕೊಂಡೆ. ಟ್ರೇಲರಿನ ಮುಂದಿನ ಜಾಕ್ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಕಾರಿನಿಂದ ಕಳಚಿದ ಮೂಕಿಯನ್ನು ಹುಲ್ಲಿನ ಮೇಲೆ ಹಾಗೆಯೇ ಊರಿಬಿಟ್ಟೆ.

ಆ ಒಂದು ಕೆಲಸ ನನಗೆ ಅರ್ಧ ಬೇಸಿಗೆಯನ್ನು ತಿಂದಿತು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಕ್ಷಮಿಸಿ.

ಮೂಕಿ ನೆಲಕ್ಕೆ ತಾಗಿದರೆ ದೋಣಿಯ ಮೂತಿ ಕೆಳಗೆ, ಬಿರಡೆಯ ತೂತು ಮೇಲೆ. ಒಳಗಿನ ನೀರು ತೂತಿಗೆ ಬೆನ್ನು ಹಾಕಿ ಮೂತಿಯ ಕಡೆಗೆ ಹರಿಯುತ್ತದೆ. ತೊಟ್ಟಿಕ್ಕುವುದು ನಿಂತದ್ದು ಒಡಲು ಖಾಲಿಯಾದ ಕಾರಣಕ್ಕಲ್ಲ, ನೀರು ಆ ಕಡೆಗೆ ಹೋದ ಕಾರಣಕ್ಕೆ. ಇನ್ನೊಂದು ವಿಷಯವಿದೆ: ಹೋಬಿ 16ರ ಒಡಲು ಬಾಳೆಹಣ್ಣಿನಂತೆ ಬಾಗಿದೆ. ದೋಣಿ ಸಮತಟ್ಟಾಗಿ ನಿಂತಿದ್ದರೂ ನಡುವಿನ ತಗ್ಗಿನಲ್ಲಿ ನೀರು ಉಳಿದೇ ಉಳಿಯುತ್ತದೆ. ನನ್ನ ಎಡ ಒಡಲಿನಲ್ಲಿ ಅರ್ಧ ಬಕೆಟ್ ಆದರೂ ಇದ್ದಿರಬೇಕು. ಮೂತಿಯ ಒಳಭಾಗ ಕತ್ತಿಯ ಒರೆಯಂತೆ ಕಿರಿದು. ಅಲ್ಲಿ ನಿಂತ ನೀರು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುತ್ತದೆ. ಮೊದಲು ಮೇಲೊಂದು ಮುಚ್ಚಳ. ಆಮೇಲೆ ಅದರಡಿಯ ನೀರು ಗಟ್ಟಿಯಾಗುತ್ತಾ ಶೇಕಡಾ 9ರಷ್ಟು ಹಿಗ್ಗುತ್ತದೆ. ಮೇಲೇಳಲು ಜಾಗವಿಲ್ಲ, ಪಕ್ಕಕ್ಕೆ ಒತ್ತುತ್ತದೆ. ಮಾರ್ಚ್ ಬಂದ ಮೇಲೆ ಹಗಲು ಕರಗಿ, ಆಗಲೇ ಬಿಟ್ಟ ಬಿರುಕಿನೊಳಕ್ಕೆ ಇಳಿದು, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಬಂಡೆಯನ್ನು ಬೆಣೆ ಹೊಡೆದು ಸೀಳುತ್ತಾರಲ್ಲ, ಹಾಗೆ.

ಏಪ್ರಿಲ್‌ನಲ್ಲಿ ಟಾರ್ಪಾಲು ತೆಗೆದೆ. ದೋಣಿಯ ಮೇಲೆ ಧೂಳೂ ಇರಲಿಲ್ಲ. ಎಡಮೂತಿಯ ಕೂಡುಗೆರೆ ಮಾತ್ರ ಎರಡು ಗೇಣು ಉದ್ದಕ್ಕೆ ಬಾಯಿ ಬಿಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಫೈಬರ್ ಒಳಕ್ಕೆ ತಗ್ಗುತ್ತಿತ್ತು. ಈ ಒಡಲುಗಳು ಎರಡು ಪದರ ಫೈಬರಿನ ನಡುವೆ ಫೋಮ್ ಇಟ್ಟು ಮಾಡಿದವು. ಫೋಮ್ ಪದರದಿಂದ ಬಿಟ್ಟುಕೊಂಡರೆ ಬಿಗಿ ಹೋಯಿತೆಂದೇ ಲೆಕ್ಕ. ಹಲಸಿನ ಹಣ್ಣನ್ನು ಬಡಿದು ನೋಡುವಂತೆ ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ: ಗಟ್ಟಿ ಇದ್ದಲ್ಲಿ ಟಕ್, ಬಿಟ್ಟಲ್ಲಿ ಬೊದ್ದು. ನೀವು ಕೊಂಡ ದೋಣಿಯನ್ನು ಇನ್ನೂ ಬಡಿದಿಲ್ಲವಾದರೆ ಇವತ್ತೇ ಬಡಿಯಿರಿ. ನಾನು ಅದನ್ನು ಒಣಗಿಸಿ, ಉಜ್ಜಿ, ಗಾಜುಬಟ್ಟೆ ಮತ್ತು ಎಪಾಕ್ಸಿ ಅಂಟು ಹಾಕಿ ಮುಗಿಸುವಾಗ ಜುಲೈ ಕಳೆದಿತ್ತು. ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಕವುಚಿ ಹಾಕಬಾರದಿತ್ತೇ ಮಾರಾಯ?" ಎರಡು ಒಡಲಿನ ದೋಣಿಯನ್ನು ಟ್ರೇಲರಿನ ಮೇಲೆ ಕವುಚುವುದು ಹೇಗೆಂದು ಅವರಿಗೆ ವಿವರಿಸಲು ಹೋಗಲಿಲ್ಲ. ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು, ಆದರೆ ಅದು ಮರದ ದಿಮ್ಮಿಗಳನ್ನು ಒತ್ತಾಗಿ ಕಟ್ಟಿದ ತೆಪ್ಪ. ಅದಕ್ಕೆ ಒಳಗೆಂಬುದೇ ಇಲ್ಲ, ನೀರು ನಿಲ್ಲುವ ರಗಳೆಯೂ ಇಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಿಸಿ ಗೋದಾಮು ದಂಡ. ಫೈಬರಿಗೆ ಚಳಿಯಾಗುವುದಿಲ್ಲ, ಒಣಗಿದ ದೋಣಿ ಬಯಲಿನಲ್ಲೇ ಇರಬಹುದು. ಟಾರ್ಪಾಲು ಯಾವುದಾದರೂ ಸಾಕು, ಬಿಗಿದು ಕಟ್ಟಬೇಡಿ, ಗಾಳಿಯಾಡಬೇಕು. ಮೊದಲು ಮೂಕಿಯನ್ನು ಮರದ ತುಂಡುಗಳ ಮೇಲೆ ಎತ್ತಿ, ಮೂತಿ ಕಣ್ಣಿಗೆ ಎದ್ದು ಕಾಣುವಷ್ಟು ಮೇಲಿರಲಿ. ಒಂದು ದಿನ ಹಾಗೆಯೇ ಬಿಡಿ, ಆಮೇಲೆ ಹಿಂತುದಿಯನ್ನು ಅಲ್ಲಾಡಿಸಿ ಶಬ್ದ ಕೇಳಿ. ತೂತಿಗೆ ತಂತಿಬಲೆಯ ಚೂರು ಸಿಕ್ಕಿಸಿ, ಇಲ್ಲದಿದ್ದರೆ ಇಲಿಗಳು ಒಳಗೆ ಸಂಸಾರ ಹೂಡುತ್ತವೆ. ಟ್ರ್ಯಾಂಪೊಲಿನ್, ಅಂದರೆ ಎರಡು ಒಡಲುಗಳ ನಡುವೆ ಕೂರಲು ಬಿಗಿದ ಬಟ್ಟೆ, ಅದನ್ನು ಬಿಚ್ಚಿ ಮನೆಯೊಳಗಿಡಿ. ಹಿಮದ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಹಾಯಿಯನ್ನು ಮಡಚದೆ ಸುತ್ತಿಡಿ. 145 ಕಿಲೋದ ಈ ದೋಣಿಯನ್ನು ಬಿರುಗಾಳಿ ಎತ್ತಿ ಮಗುಚಬಲ್ಲದು, ಟ್ರೇಲರಿಗೂ ನೆಲಕ್ಕೂ ಸೇರಿಸಿ ಕಟ್ಟಿ.

ಟ್ರೇಲರಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಓಡಿ ಬಿಸಿಯಾದ ಚಕ್ರವನ್ನು ತಣ್ಣೀರಿಗೆ ಇಳಿಸಿದರೆ ಬೇರಿಂಗ್ ನೀರು ಹೀರಿಕೊಳ್ಳುತ್ತದೆ. ಸೀಸನ್ ಮುಗಿದ ಕೂಡಲೇ ಹಳೆಯ ಗ್ರೀಸ್ ತೆಗೆದು ಹೊಸದು ತುಂಬಿ, ವಸಂತಕ್ಕೆಂದು ಮುಂದೂಡಬೇಡಿ. ಸಾಗಿಸುವಾಗ ಹಾಯಿ ಕಟ್ಟುವ ಎಂಟು ಮೀಟರ್ ಉದ್ದದ ಕೂವೆಕಂಬ ಹಿಂದಕ್ಕೆ ಚಾಚಿರುತ್ತದೆ, ತುದಿಗೆ ಕೆಂಪು ಬಟ್ಟೆ ಕಟ್ಟಿ. ಕಂಬವನ್ನು ನಿಲ್ಲಿಸುವ ಮುನ್ನ ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ನೋಡಿ.

ಬಿರಡೆಗಳನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಹಾಯಿಯ ಚೀಲದೊಳಗೇ ಇಡಿ. ಮೇ ತಿಂಗಳಲ್ಲಿ ಬಿರಡೆ ಮರೆತು ನೀರಿಗೆ ಇಳಿಯುವವರಿದ್ದಾರೆ, ಹಾಯಿ ಮರೆತು ಇಳಿಯುವವರನ್ನು ನಾನಿನ್ನೂ ಕಂಡಿಲ್ಲ.